ಕೃತಕ ಬುದ್ಧಿಮತ್ತೆಯ ನೈತಿಕತೆ: ಓದು ಎಲ್ಲಿಂದ ಆರಂಭಿಸಬೇಕು?

ತಂತ್ರಜ್ಞಾನದ ನೀತಿಶಾಸ್ತ್ರ ಓದಲು ಹೊರಟವರು ಸಾಮಾನ್ಯವಾಗಿ ಉಪಯುಕ್ತತಾವಾದ (ಹೆಚ್ಚು ಜನರಿಗೆ ಹೆಚ್ಚು ಒಳಿತಾಗುವುದೇ ಸರಿ ಎಂಬ ನಿಲುವು), ಕರ್ತವ್ಯವಾದ (ಫಲ ಏನೇ ಇರಲಿ, ಕರ್ತವ್ಯ ಪಾಲಿಸುವುದೇ ಸರಿ ಎಂಬ ನಿಲುವು) ಇವುಗಳ ವ್ಯಾಖ್ಯಾನದಲ್ಲಿ ತೊಡಗಿ, ಕೆಲವೇ ವಾರಗಳಲ್ಲಿ ಪುಸ್ತಕ ಮುಚ್ಚಿಡುತ್ತಾರೆ. ಅದಕ್ಕಿಂತ, ದಾಖಲೆಗಳು ಸುಲಭವಾಗಿ ಸಿಗುವ ಒಂದೇ ವಿವಾದವನ್ನು ಹಿಡಿದು ಅದರ ಬುಡದವರೆಗೆ ಹೋಗುವುದು ಮೇಲು. ಅಮೆರಿಕದ ‘ಕಂಪಾಸ್’ ತಂತ್ರಾಂಶದ ಪ್ರಕರಣ ಇದಕ್ಕೆ ತಕ್ಕುದಾಗಿದೆ.

ಮೊದಲು ಎರಡೂ ಕಡೆಯ ವಾದವನ್ನು ಓದಿ. ಆರೋಪಿಯೊಬ್ಬ ಮತ್ತೆ ಅಪರಾಧ ಎಸಗುವ ಸಂಭವವನ್ನು 1ರಿಂದ 10ರವರೆಗಿನ ಅಂಕದಲ್ಲಿ ಹೇಳುವ ಈ ತಂತ್ರಾಂಶ ಕಪ್ಪು ಜನರ ವಿರುದ್ಧ ವಾಲಿದೆ ಎಂದು ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2016ರ ಮೇ ತಿಂಗಳಲ್ಲಿ, ಫ್ಲಾರಿಡಾದ ಬ್ರೊವರ್ಡ್ ಕೌಂಟಿಯ ದಾಖಲೆಗಳನ್ನಿಟ್ಟು ವರದಿ ಮಾಡಿತು. ಮುಂದೆ ಅಪರಾಧವನ್ನೇ ಎಸಗದವರ ಪೈಕಿ ಕಪ್ಪು ಜನರಲ್ಲಿ ಶೇ 44.9, ಬಿಳಿಯರಲ್ಲಿ ಶೇ 23.5 ಮಂದಿಗೆ ಹೆಚ್ಚಿನ ಅಪಾಯದವರೆಂಬ ಹಣೆಪಟ್ಟಿ ಬಿದ್ದಿತ್ತು. ತಯಾರಕ ಸಂಸ್ಥೆ ನಾರ್ತ್‌ಪಾಯಿಂಟ್ ಇದನ್ನು ಒಪ್ಪಲಿಲ್ಲ. ಹಣೆಪಟ್ಟಿ ಬಿದ್ದವರಲ್ಲಿ ಮತ್ತೆ ಅಪರಾಧ ಎಸಗಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಎಂದು ವಾದಿಸಿತು.

ಯಾರ ಪಕ್ಷವನ್ನೂ ಹಿಡಿಯುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ. ತಲಾ 100 ಜನರ ಎರಡು ಗುಂಪುಗಳಿವೆ ಎನ್ನಿ. ಮೊದಲನೆಯದರಲ್ಲಿ 50 ಮಂದಿ, ಎರಡನೆಯದರಲ್ಲಿ 20 ಮಂದಿ ಮತ್ತೆ ಸಿಕ್ಕಿಬೀಳುತ್ತಾರೆ. ತಂತ್ರಾಂಶವು ಮೊದಲ ಗುಂಪಿನಲ್ಲಿ 50 ಮಂದಿಯನ್ನು ಅಪಾಯಕಾರಿ ಎಂದಿತು, 30 ನಿಜವಾಯಿತು. ಎರಡನೆಯದರಲ್ಲಿ 20 ಮಂದಿಯನ್ನು ಹಾಗೆಂದಿತು, 12 ನಿಜವಾಯಿತು. ಎರಡೂ ಕಡೆ ಶೇ 60 ಸರಿ. ಆದರೆ ಮತ್ತೆ ಸಿಕ್ಕಿಬೀಳದವರ ಕಡೆಯಿಂದ ಲೆಕ್ಕ ಹಾಕಿದರೆ, ಮೊದಲ ಗುಂಪಿನಲ್ಲಿ 50ಕ್ಕೆ 20, ಅಂದರೆ ಶೇ 40 ಮಂದಿ ಅನ್ಯಾಯವಾಗಿ ಸಿಲುಕಿದರೆ, ಎರಡನೆಯದರಲ್ಲಿ 80ಕ್ಕೆ 8, ಅಂದರೆ ಶೇ 10 ಮಾತ್ರ. ಮತ್ತೆ ಸಿಕ್ಕಿಬೀಳುವವರ ಮೂಲ ಪ್ರಮಾಣವೇ ಎರಡು ಗುಂಪುಗಳಲ್ಲಿ ಬೇರೆಯಾಗಿರುವಾಗ, ಊಹೆಯಲ್ಲಿ ತಪ್ಪೇ ಇಲ್ಲದಿದ್ದರೆ ಹೊರತು ನ್ಯಾಯದ ಎಲ್ಲ ಅಳತೆಗಳನ್ನೂ ಒಟ್ಟಿಗೆ ಸರಿದೂಗಿಸಲಾಗದು ಎಂಬುದನ್ನು ಸಂಶೋಧಕರು ಗಣಿತದಿಂದಲೇ ತೋರಿಸಿಕೊಟ್ಟಿದ್ದಾರೆ. ‘ಮತ್ತೆ ಸಿಕ್ಕಿಬೀಳುವುದು’ ಪೊಲೀಸರು ಎಲ್ಲಿ ಹೆಚ್ಚು ಗಸ್ತು ತಿರುಗುತ್ತಾರೆ ಎಂಬುದನ್ನೂ ಅವಲಂಬಿಸುತ್ತದೆ ಎನ್ನುವುದು ಬೇರೆಯೇ ತೊಡಕು.

ಸಿದ್ಧಾಂತದ ಪುಸ್ತಕವನ್ನು ಈಗ ತೆರೆಯಿರಿ. ನಿರಪರಾಧಿಯನ್ನು ಕೂಡಿಹಾಕುವ ತಪ್ಪು ದೊಡ್ಡದೋ, ಅಪರಾಧಿಯನ್ನು ಬಿಟ್ಟುಬಿಡುವ ತಪ್ಪೋ ಎಂಬ ಪ್ರಶ್ನೆಗೆ ಗಣಿತ ಉತ್ತರಿಸದು.

ಬಳಿಕ ನಮ್ಮ ನೆಲದ ವಿಷಯವೊಂದನ್ನು ಆರಿಸಿಕೊಳ್ಳಿ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್‌ನಲ್ಲಿ ಆರಂಭವಾದ, ಮುಖ ಗುರುತಿಸಿ ಒಳಬಿಡುವ ‘ಡಿಜಿಯಾತ್ರಾ’ ಆಗಬಹುದು. ಅದರ ಜೊತೆಗೆ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಖಾಸಗಿತನದ ತೀರ್ಪನ್ನೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಓದಿ. ಇಲ್ಲಿ ಪ್ರಶ್ನೆ ಊಹೆಯದಲ್ಲ, ಒಪ್ಪಿಗೆಯದು: ಮುಖ ತೋರಿಸಲು ಒಲ್ಲದ ಪ್ರಯಾಣಿಕರಿಗೆ ಬೇರೆ ಸಾಲು ಇದೆಯೇ, ಇದ್ದರೆ ಅದು ಎಷ್ಟು ಉದ್ದವಿರುತ್ತದೆ ಎಂಬುದನ್ನು ನಿಲ್ದಾಣಕ್ಕೆ ಹೋದಾಗ ಗಮನಿಸಿ ಬರೆದುಕೊಳ್ಳಿ.