ಕಾಠ್ಮಂಡು ನೋಡಲು ಬೆಳಿಗ್ಗೆ ಬೇಗ ಏಳಬೇಕು: ನನ್ನ ಅನುಭವ

ಮೊದಲ ಸಲ ಕಾಠ್ಮಂಡುವಿಗೆ ಹೊರಟವರು ಕೇಳಿದರೆ ನಾನು ಹೇಳುವುದು ಇಷ್ಟೇ. ಹಳೇ ಊರಿನ ಒಳಗೇ ರೂಮು ಮಾಡಿ. ಬೆಳಿಗ್ಗೆ ಐದೂವರೆಗೆಲ್ಲ ಎದ್ದು ನಡೆಯಲು ಹೊರಡಿ. ಪಟ್ಟಿ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಓಡಾಡಬೇಡಿ. ಈ ಊರಿನ ದೇವರುಗಳು ಇರುವುದು ಬೀದಿಯಲ್ಲಿ, ಕಟ್ಟೆಯ ಮೇಲೆ, ಅಂಗಡಿಗಳ ಸಂದಿಯಲ್ಲಿ. ಅವರ ಹತ್ತಿರ ಜನ ಬರುವುದು ಬೆಳಿಗ್ಗೆ. ಹತ್ತು ಗಂಟೆಯ ಮೇಲೆ ಅಲ್ಲಿ ಉಳಿಯುವುದು ಬೈಕು, ಹಾರ್ನು, ಧೂಳು.

ನಾನು ಹೋಗಿದ್ದು ಅಮ್ಮನ ಜೊತೆ. ಪಶುಪತಿನಾಥನನ್ನು ನೋಡಬೇಕು ಅನ್ನುವುದು ಅವಳ ಬಹಳ ವರ್ಷಗಳ ಆಸೆ. ಸಾಗರದ ನೆಂಟರೆಲ್ಲ ಹೆದರಿಸಿದ್ದರು. ಹಿಮಾಲಯ ಅಂದ್ರೆ ಉಸಿರು ಸಿಗಲ್ಲ, ಈ ವಯಸ್ಸಲ್ಲಿ ಯಾಕೆ ಅಂತ. ಆದರೆ ಕಾಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್ ಇದೆ. ಉಸಿರಿನ ತೊಂದರೆ ಏನೂ ಆಗಲಿಲ್ಲ. ಹಿಮವೂ ಅಲ್ಲಿ ಬೀಳುವುದು ತೀರಾ ಅಪರೂಪ. 2007ರಲ್ಲಿ ಒಮ್ಮೆ ಬಿದ್ದಾಗ ಇಡೀ ಊರೇ ಬೀದಿಗೆ ಬಂದು ಕುಣಿದಿತ್ತು. ನಾವು ನವೆಂಬರ್ ಆರಿಸಿಕೊಂಡೆವು. ಮಳೆ ಮುಗಿದು ಆಕಾಶ ತೊಳೆದ ಹಾಗೆ ಇರುತ್ತದೆ. ಬೆಳಿಗ್ಗೆ ಮಹಡಿ ಹತ್ತಿದರೆ ಉತ್ತರಕ್ಕೆ ಗಣೇಶ್ ಹಿಮಾಲ್, ಲಾಂಗ್‌ಟಾಂಗ್ ಶಿಖರಗಳು ಕಾಣುತ್ತವೆ. ಚಳಿಗೆ ಒಂದು ಸ್ವೆಟರ್, ಒಂದು ಶಾಲು ಸಾಕು. ಧೂಳಿಗೆ ಮಾತ್ರ ಮಾಸ್ಕ್ ಬೇಕೇ ಬೇಕು.

ನಮಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. ಆಧಾರ್ ಒಂದೇ ಇದ್ದರೆ ಸಾಲದು. ಹದಿನೈದು ದಾಟದ ಮಕ್ಕಳಿಗೆ, ಅರವತ್ತೈದು ದಾಟಿದವರಿಗೆ ವಿನಾಯಿತಿ ಇದೆ. ಆದರೂ ಅಮ್ಮನ ವೋಟರ್ ಐಡಿ ತಗೊಂಡೇ ಹೋಗಿದ್ದೆ. ದೆಹಲಿಯಿಂದ ಹೋಗುವಾಗ ಎಡಗಡೆ ಕಿಟಕಿ ಸೀಟು ಕೇಳಿ. ಹಿಮಾಲಯ ಇರುವುದು ಆ ಕಡೆಗೆ.

ದುಡ್ಡಿನ ಲೆಕ್ಕ ಸುಲಭ. ನಮ್ಮ 100 ರೂಪಾಯಿಗೆ ಅವರ 160. ಇದು 1993ರಿಂದ ಹೀಗೇ ಇದೆ. ನಮ್ಮ ನೂರರ ನೋಟನ್ನು ಅಂಗಡಿಯವರು ಆರಾಮಾಗಿ ತಗೊಳ್ಳುತ್ತಾರೆ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತಾ ಇರುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಯಾರಾದರೂ ರೇಟು ಹೇಳಿದರೆ 'ಐಸಿಯಾ, ಎನ್‌ಸಿಯಾ' ಎಂದು ಕೇಳಿ. ಇಂಡಿಯನ್ ರೂಪಾಯಿಯೋ ನೇಪಾಳಿ ರೂಪಾಯಿಯೋ ಅಂತ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಶನಿವಾರ ಅಲ್ಲಿ ರಜೆ. ಅವತ್ತು ಪಶುಪತಿಯಲ್ಲಿ ರಶ್ ಜಾಸ್ತಿ.

ಪ್ರವಾಸಿಗಳು ಹೆಚ್ಚಾಗಿ ಉಳಿಯುವುದು ಥಮೇಲ್‌ನಲ್ಲಿ. ನಾವು ಅದಕ್ಕಿಂತ ಸ್ವಲ್ಪ ದಕ್ಷಿಣಕ್ಕೆ, ಥಹಿಟಿ ಚೌಕದ ಹತ್ತಿರ ರೂಮು ಮಾಡಿದೆವು. ಇದರಿಂದ ಆದ ಉಪಕಾರ ದೊಡ್ಡದು. ಬಾಗಿಲು ತೆಗೆದರೆ ಹಳೇ ಊರು. ಅಲ್ಲಿಂದ ಬಂಗೆಮುಡಾ, ಅಸನ್, ಇಂದ್ರ ಚೌಕ್ ದಾಟಿ ಹಳೇ ಅರಮನೆಯ ಮುಂದಿನ ದರ್ಬಾರ್ ಚೌಕದವರೆಗೆ ನಡೆದರೆ ಕಾಠ್ಮಂಡುವಿನ ಅರ್ಧ ಕಥೆ ಕಂಡ ಹಾಗೆ. ಟಿಬೆಟ್ಟಿಗೆ ಹೋಗುವ ವ್ಯಾಪಾರಿಗಳು ನಡೆಯುತ್ತಿದ್ದ ಹಳೇ ದಾರಿಯೇ ಇದು.

ಬಂಗೆಮುಡಾದಲ್ಲಿ ಹಲ್ಲುನೋವಿನ ದೇವರಿದ್ದಾನೆ. ವೈಶಾ ದೇವ್ ಅಂತ ಹೆಸರು. ಗೋಡೆಗೆ ಒರಗಿದ ಒಂದು ಮರದ ದಿಮ್ಮಿ, ಅದರ ಮೈತುಂಬ ಮೊಳೆ ಹೊಡೆದು ಕೂರಿಸಿದ ನಾಣ್ಯಗಳು. ಹಲ್ಲು ನೋವು ಬಂದವರು ಒಂದು ನಾಣ್ಯಕ್ಕೆ ಮೊಳೆ ಹೊಡೆದು ಬೇಡಿಕೊಳ್ಳುತ್ತಾರೆ. ಮರವೇ ಕಾಣದಷ್ಟು ಕಬ್ಬಿಣ ಸೇರಿಕೊಂಡಿದೆ. ಸುತ್ತಮುತ್ತ ದಂತವೈದ್ಯರ ಬೋರ್ಡುಗಳು. ಅಮ್ಮ ತುಂಬಾ ಹೊತ್ತು ಅಲ್ಲಿ ನಿಂತಳು. "ಎಷ್ಟು ಜನರ ನೋವು ಇದೆ ನೋಡೇ ಇಲ್ಲಿ" ಅಂದಳು.

ಅಲ್ಲಿಂದ ಎಡಕ್ಕೆ ತಿರುಗಿದರೆ ಅಸನ್. ಆರು ಬೀದಿಗಳು ಸೇರುವ ಜಾಗ. ಬೆಳಕು ಸರಿಯಾಗಿ ಹರಿಯುವ ಮೊದಲೇ ಸೊಪ್ಪು, ಮೂಲಂಗಿ, ಚೆಂಡುಹೂವು ನೆಲದ ಮೇಲೆ ಹರಡಿರುತ್ತವೆ. ರೈತರು ಹೆಗಲ ಮೇಲಿನ ಅಡ್ಡೆಗೆ ಎರಡು ಬುಟ್ಟಿ ತೂಗುಹಾಕಿಕೊಂಡು ಬರುತ್ತಾರೆ. ಅದಕ್ಕೆ ಖರ್ಪನ್ ಅನ್ನುತ್ತಾರೆ. ಈ ಗದ್ದಲದ ನಡುವೆ ಅನ್ನಪೂರ್ಣೆಯ ಗುಡಿ ಇದೆ. ಒಳಗೆ ಮೂರ್ತಿ ಇಲ್ಲ. ತುಂಬಿದ ಬೆಳ್ಳಿಯ ಕಲಶವೇ ದೇವಿ. ಅವಳ ಎದುರೇ ಅಕ್ಕಿ, ಬೇಳೆ, ತರಕಾರಿ ವ್ಯಾಪಾರ ನಡೆಯುತ್ತದೆ. ಅನ್ನಪೂರ್ಣೆಗೆ ಇದಕ್ಕಿಂತ ಸರಿಯಾದ ಜಾಗ ಎಲ್ಲಿದೆ?

ನಾವು ಒಂದು ಜಗಲಿಯ ಮೇಲೆ ಚಹಾ ಹಿಡಿದು ಕೂತು ನೋಡಿದ್ದನ್ನು ಹೇಳುತ್ತೇನೆ. ಕೆಂಪು ಅಂಚಿನ ಕಪ್ಪು ಸೀರೆ ಉಟ್ಟ ಒಬ್ಬ ಅಜ್ಜಿ ಬಂದರು. ಅದು ಕಾಠ್ಮಂಡು ಕಣಿವೆಯ ಮೂಲದ ಜನರಾದ ನೇವಾರರ ಸೀರೆ, ಹಾಕು ಪಟಾಸಿ ಅನ್ನುತ್ತಾರೆ. ಕೈಯಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ಅಕ್ಕಿ, ಕೆಂಪು ಅಬೀರ್, ಹೂವು, ಬತ್ತಿ. ಮೊದಲು ಪುಟ್ಟ ಗಣೇಶನ ಗುಡಿಗೆ ಹೋಗಿ ಚಿಟಿಕೆ ಅಕ್ಕಿ ಹಾಕಿ ಗಂಟೆ ಹೊಡೆದರು. ಅಲ್ಲಿಂದ ಅನ್ನಪೂರ್ಣೆ. ಆಮೇಲೆ ದಾರಿಯ ನಡುವೆ ನೆಲದಲ್ಲಿದ್ದ ಒಂದು ಕಲ್ಲಿಗೂ ಬಗ್ಗಿ ಕುಂಕುಮ ಇಟ್ಟರು. ಬೈಕಿನವನು ಕಲ್ಲನ್ನು ಬಳಸಿಕೊಂಡು ಹೋದ. ಯಾರಿಗೂ ಅವಸರ ಇಲ್ಲ, ಯಾರೂ ರೇಗಲಿಲ್ಲ. ಕೊನೆಗೆ ಅಜ್ಜಿ ತಟ್ಟೆಯ ಹೂವೊಂದನ್ನು ತಲೆಗೆ ಮುಡಿದು, ಅರ್ಧ ಕಟ್ಟು ಸೊಪ್ಪು ಕೊಂಡು ಮನೆಗೆ ಹೊರಟರು. ಅದೆಲ್ಲಾ ಸೇರಿ ಅವರ ಒಂದೇ ಕೆಲಸ. ಆ ಊರನ್ನು ನಾನು ಇಷ್ಟಪಟ್ಟಿದ್ದು ಅಲ್ಲೇ.

ಮುಂದೆ ಜನಬಹಾಲ್ ಅನ್ನುವ ಅಂಗಳದಲ್ಲಿ ಬಿಳಿ ಮುಖದ ಮಚ್ಛೀಂದ್ರನಾಥ. ಬೌದ್ಧರಿಗೆ ಅವಲೋಕಿತೇಶ್ವರ. ಇದು ಬುದ್ಧನ ಗುಡಿಯೋ ನಮ್ಮ ದೇವರದ್ದೋ ಎಂದು ಅಮ್ಮ ದೀಪದ ಅಂಗಡಿಯವನನ್ನು ಹಿಂದಿಯಲ್ಲಿ ಕೇಳಿದಳು. "ದೋನೋ, ಆಮಾ" ಅಂದ. ಅವನಿಗೆ ಆ ಪ್ರಶ್ನೆಯೇ ಹೊಸದು ಅನ್ನಿಸಿರಬೇಕು.

ದರ್ಬಾರ್ ಚೌಕದಲ್ಲಿ ಕಾಷ್ಠಮಂಡಪ ಇದೆ. ಮೊದಲು ಹನ್ನೆರಡನೇ ಶತಮಾನದ್ದು ಅಂದುಕೊಂಡಿದ್ದರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪೂರ್ತಿ ಬಿದ್ದಮೇಲೆ ಅಡಿಪಾಯ ಅಗೆದು ನೋಡಿದಾಗ ಏಳನೇ ಶತಮಾನದಷ್ಟು ಹಳೆಯದು ಎಂದು ಗೊತ್ತಾಯಿತು. ಆ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಈಗ ಮಂಡಪವನ್ನು ಮರ, ಇಟ್ಟಿಗೆ, ಮಣ್ಣಿನಲ್ಲೇ ಹಿಂದಿನ ಹಾಗೆ ಮತ್ತೆ ಕಟ್ಟಿದ್ದಾರೆ. ಮರ ಇನ್ನೂ ಹೊಸದಾಗಿ ಕಾಣುತ್ತದೆ. ಕೆಲವರಿಗೆ ಇದು ಹಳೇದಲ್ಲವಲ್ಲ ಅಂತ ನಿರಾಸೆ. ನನಗೆ ಹಾಗನ್ನಿಸಲಿಲ್ಲ. ಆ ಕೆತ್ತನೆ ಮಾಡುವ ಕೈಗಳು ಇನ್ನೂ ಊರಲ್ಲಿವೆ ಅನ್ನುವುದು ಹಳೇ ಕಂಬಕ್ಕಿಂತ ದೊಡ್ಡ ವಿಷಯ.

ಅದೇ ಚೌಕದಲ್ಲಿ ತಲೇಜು ಭವಾನಿಯ ಎತ್ತರದ ಗುಡಿ. ದಸರಾ ಬಿಟ್ಟರೆ ಬೇರೆ ದಿನ ಜನರನ್ನು ಒಳಗೆ ಬಿಡುವುದಿಲ್ಲ. ಅದರ ಕಥೆ ನಮಗೆ ಹತ್ತಿರದ್ದು. ನೇಪಾಳದ ದಕ್ಷಿಣದ ಬಯಲು ಸೀಮೆ ತೆರಾಯಿಯ ಸಿಮ್ರೌನ್‌ಗಢದಿಂದ ಮಿಥಿಲೆ ಆಳಿದ ವಂಶಕ್ಕೆ ಕರ್ಣಾಟ ವಂಶ ಎಂದೇ ಹೆಸರು. ಅದನ್ನು ಕಟ್ಟಿದ ನಾನ್ಯದೇವ ತನ್ನನ್ನು ಕರ್ನಾಟಕದ ಮೂಲದವನು ಎಂದು ಹೇಳಿಕೊಂಡ. 1097ರ ಮಾತು. ಘಿಯಾಸುದ್ದೀನ್ ತುಘಲಕ್ ದಾಳಿ ಮಾಡಿದಾಗ ಆ ವಂಶದ ಹರಿಸಿಂಹದೇವ ಬೆಟ್ಟದ ಕಡೆಗೆ ಓಡಿದ. ತಲೇಜು ಬಂದದ್ದು ಅವನ ಕುಟುಂಬದ ಜೊತೆ ಎಂದು ಕಣಿವೆಯ ಪರಂಪರೆ ಹೇಳುತ್ತದೆ. ಆಮೇಲೆ ಕಣಿವೆಯನ್ನು ಆಳಿದ ಮಲ್ಲ ಅರಸರು ಅವಳನ್ನು ತಮ್ಮ ಕುಲದೇವಿ ಮಾಡಿಕೊಂಡರು. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಮುಚ್ಚಿದ ಬಾಗಿಲಿಗೇ ಇನ್ನೊಮ್ಮೆ ಕೈ ಮುಗಿದಳು.

ಪಶುಪತಿಗೆ ನಾವು ಒಂದಕ್ಕಿಂತ ಹೆಚ್ಚು ಸಲ ಹೋದೆವು. ನಿಮಗೂ ಅದನ್ನೇ ಹೇಳುತ್ತೇನೆ. ಬೆಳಿಗ್ಗೆ ದರ್ಶನಕ್ಕೆ ಒಮ್ಮೆ, ಸಂಜೆ ಬಾಗ್ಮತಿ ನದಿಯ ಆರತಿಗೆ ಒಮ್ಮೆ. ಚರ್ಮದ ಬೆಲ್ಟು, ಪರ್ಸು ರೂಮಲ್ಲೇ ಬಿಡಿ. ಒಳಗೆ ಫೋಟೋ ಇಲ್ಲ. ಪಶ್ಚಿಮದ ಬಾಗಿಲಿಂದ ಒಳಗೆ ಹೋದ ಕೂಡಲೇ ಚಿನ್ನದ ಬಣ್ಣದ ಭಾರೀ ನಂದಿಯ ಬೆನ್ನು ಎದುರಾಗುತ್ತದೆ. ಅದರಾಚೆ ಎರಡು ಅಂತಸ್ತಿನ ಹೊಂಬಣ್ಣದ ಮಾಡು. ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬೆಳ್ಳಿಯ ಬಾಗಿಲು. ಲಿಂಗಕ್ಕೆ ನಾಲ್ಕು ಕಡೆಗೂ ಮುಖ. ಐದನೆಯದು, ಈಶಾನ, ಮೇಲಕ್ಕೆ.

ಆ ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಅಧಿಕಾರ ಭಟ್ಟರಿಗೆ ಮಾತ್ರ. ಅವರು ನಮ್ಮ ಕರ್ನಾಟಕದವರು. ಕರಾವಳಿ ಕಡೆಯ ಮನೆತನಗಳಿಂದ ವೇದ ಓದಿದವರನ್ನು ಆರಿಸುತ್ತಾರೆ. ಸಹಾಯಕ್ಕೆ ಇರುವ ಭಂಡಾರಿಗಳು ಅಲ್ಲಿಯ ನೇವಾರರು. ಶಂಕರಾಚಾರ್ಯರ ಕಾಲದಿಂದ ಹೀಗೆ ನಡೆದುಬಂದಿದೆ ಎಂದು ನಂಬಿಕೆ. ಮಲ್ಲ ಅರಸರ ಕಾಲದಿಂದ ಅನ್ನುವವರೂ ಇದ್ದಾರೆ. ಕಾರಣವನ್ನೂ ಹೇಳುತ್ತಾರೆ. ರಾಜರಿದ್ದ ಕಾಲದಲ್ಲಿ ರಾಜ ತೀರಿಕೊಂಡರೆ ಇಡೀ ದೇಶಕ್ಕೆ ಸೂತಕ. ಹೊರಗಿನ ಅರ್ಚಕರಿಗೆ ಸೂತಕ ಇರಲಿಲ್ಲ, ಹಾಗಾಗಿ ಪೂಜೆ ನಿಲ್ಲುತ್ತಿರಲಿಲ್ಲ. 2008ರ ಕೊನೆಯಲ್ಲಿ ಆಗಿನ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿತ್ತು. ದೊಡ್ಡ ಗಲಾಟೆಯಾಯಿತು, ಅಲ್ಲಿನ ಸುಪ್ರೀಂ ಕೋರ್ಟ್ ನಡುವೆ ಬಂತು, ಕೊನೆಗೆ ಭಟ್ಟರೇ ಮುಂದುವರಿದರು. ಬಾಗಿಲ ಹತ್ತಿರ ಅಮ್ಮನ ಸರದಿ ಬಂದಾಗ ಒಳಗಿಂದ ರುದ್ರ ಕೇಳುತ್ತಿತ್ತು. ಅವಳು ಹೊರಗೆ ನಿಂತೇ ಜೊತೆಗೆ ಹೇಳಿಕೊಂಡಳು. ಹಿಂದಿದ್ದವರು ತಳ್ಳಲಿಲ್ಲ, ಕಾದರು.

ಗುಡಿಯ ಪಕ್ಕದ ಆರ್ಯಘಾಟ್‌ನಲ್ಲಿ ಹೆಣ ಸುಡುತ್ತಾರೆ. ಎದುರು ದಂಡೆಯಿಂದ ಕೆಲವರು ಉದ್ದ ಲೆನ್ಸ್ ಹಾಕಿ ಫೋಟೋ ತೆಗೆಯುತ್ತಿದ್ದರು. ದಯವಿಟ್ಟು ಆ ಕೆಲಸ ಮಾಡಬೇಡಿ. ಅಲ್ಲಿ ನಿಂತವರು ಅವತ್ತು ತಮ್ಮವರನ್ನು ಕಳೆದುಕೊಂಡವರು.

ಊರ ಈಶಾನ್ಯಕ್ಕೆ, ಅದೇ ಬಾಗ್ಮತಿಯ ದಂಡೆಯಲ್ಲಿ ಗೋಕರ್ಣ ಇದೆ. ಹೌದು, ಅದೇ ಹೆಸರು. ಗೋಕರ್ಣೇಶ್ವರನ ಮೂರು ಅಂತಸ್ತಿನ ಗುಡಿ. ತಂದೆ ಇಲ್ಲದವರು ನಮ್ಮ ಶ್ರಾವಣ ಮಾಸದ ಅಮಾವಾಸ್ಯೆಗೆ (ಅವರ ಲೆಕ್ಕದಲ್ಲಿ ಭಾದ್ರಪದ) ಅಲ್ಲಿ ಪಿಂಡ ಇಡುತ್ತಾರೆ. ನಮ್ಮ ಗೋಕರ್ಣದಲ್ಲೂ ಪಿತೃಕಾರ್ಯವೇ ತಾನೇ ಮುಖ್ಯ? ಪ್ರವಾಸಿಗಳ ಪಟ್ಟಿಯಲ್ಲಿ ಇದು ಕಡಿಮೆ. ಕನ್ನಡದವರು ಮಾತ್ರ ತಪ್ಪಿಸಬಾರದು.

ಗುಡ್ಡದ ಮೇಲಿನ ಸ್ವಯಂಭು ಸ್ತೂಪಕ್ಕೆ ಪೂರ್ವದಿಂದ 365 ಮೆಟ್ಟಿಲು. ಮಂಡಿನೋವಿನವರು ಪಶ್ಚಿಮದ ಕಡೆ ಗಾಡಿ ತಗೊಂಡು ಹೋಗಿ, ಮೆಟ್ಟಿಲು ಬಹಳ ಕಡಿಮೆ. ಬೌದ್ಧನಾಥಕ್ಕೆ ಸಂಜೆ ಹೋಗಿ. ಟಿಬೆಟ್ಟಿನವರು ಸ್ತೂಪಕ್ಕೆ ಪ್ರದಕ್ಷಿಣೆ ಬರುವ ಹೊತ್ತು. ಅವರ ಜೊತೆ ನೀವೂ ಸುತ್ತಿ.

ಪಕ್ಕದ ಹಳೇ ರಾಜಧಾನಿ ಪಾಟನ್‌ಗೆ ಪೂರ್ತಿ ಒಂದು ದಿನ ಇಡಿ. ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ ಕೃಷ್ಣ ಮಂದಿರ ಅಲ್ಲಿದೆ. ಸುತ್ತಲೂ ಇಟ್ಟಿಗೆ, ಮರದ ಕಟ್ಟಡಗಳು. ಇದೊಂದು ಪೂರ್ತಿ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಮಹಾಭಾರತ, ಮೇಲಿನದರಲ್ಲಿ ರಾಮಾಯಣ. ಹಳೇಬೀಡಿನ ಗೋಡೆ ನೋಡಿದ ಕಣ್ಣಿಗೆ ಇಲ್ಲಿನ ಶಿಲ್ಪ ತುಂಬಾ ಚಿಕ್ಕದು. ಆದರೆ ಹತ್ತಿರ ಹೋಗಿ ನೋಡಿದರೆ ಒಂದೊಂದು ಗೊಂಬೆಗೂ ಬೇರೆ ನಡಿಗೆ. ಭೂಕಂಪದಲ್ಲಿ ಅಕ್ಕಪಕ್ಕದ ಚಾರ್ ನಾರಾಯಣ, ಹರಿಶಂಕರ ಗುಡಿಗಳು ಬಿದ್ದವು, ಇದು ನಿಂತಿತು. ಪಕ್ಕದಲ್ಲೇ ಮೆಟ್ಟಿಲಿಳಿದು ಹೋಗುವ ಮಂಗಹಿಟಿ. ಕಲ್ಲಿನ ಮೊಸಳೆ ಬಾಯಿಂದ ನೀರು ಬರುತ್ತದೆ. ಜನ ಈಗಲೂ ಕೊಡ ಹಿಡಿದು ಬರುತ್ತಾರೆ.

ಸಸ್ಯಾಹಾರಿಗಳು ಊಟಕ್ಕೆ ಹೆದರಬೇಕಿಲ್ಲ, ಎಲ್ಲ ಕಡೆ ದಾಲ್ ಭಾತ್ ಸಿಗುತ್ತದೆ. ಮೋಮೋ ತಗೊಳ್ಳುವಾಗ ಮಾತ್ರ 'ವೆಜ್' ಎಂದು ಬಿಡಿಸಿ ಹೇಳಿ. ಮೆನುವಿನಲ್ಲಿ 'ಬಫ್' ಅಂದರೆ ಎಮ್ಮೆ ಮಾಂಸ. ನೇವಾರರ ಅಡುಗೆ ಅಮ್ಮನಿಗೆ ತುಂಬಾ ಹಿಡಿಸಿತು. 'ಬಾರಾ' ಅನ್ನುವುದು ಉದ್ದಿನಬೇಳೆ ರುಬ್ಬಿ ಕಾವಲಿಯ ಮೇಲೆ ಹುಯ್ಯುವುದು. 'ಚಟಾಮರಿ'ಗೆ ಅಕ್ಕಿಹಿಟ್ಟು. ಹಬ್ಬದ ತಟ್ಟೆಯಲ್ಲಿ ಅವಲಕ್ಕಿ ಇರಲೇಬೇಕು. "ಉಪ್ಪು ಕಡಿಮೆ, ಸಾಸಿವೆಯೆಣ್ಣೆ ಜಾಸ್ತಿ. ಬಿಟ್ಟರೆ ನಮ್ಮನೆದೇ" ಅಂದಳು. ಕಣಿವೆಯ ಇನ್ನೊಂದು ಹಳೇ ಊರು ಭಕ್ತಪುರಕ್ಕೆ ಹೋದರೆ ಮಣ್ಣಿನ ಕುಡಿಕೆಯ ಮೊಸರು ತಿನ್ನಿ. ಜುಜು ಧೌ ಅಂತ. ಗಟ್ಟಿ, ಸಿಹಿ. ನ್ಯಾತಪೋಲದ ಮೆಟ್ಟಿಲ ಮೇಲೆ ಕೂತು ತಿಂದರೆ ಇನ್ನೂ ರುಚಿ. 1702ರ ಆ ಐದಂತಸ್ತಿನ ಗುಡಿ 1934ರ ಭೂಕಂಪವನ್ನೂ 2015ರದ್ದನ್ನೂ ತಡೆದುಕೊಂಡು ನಿಂತಿದೆ.

ಇನ್ನೊಮ್ಮೆ ಹೋಗುವುದಿದ್ದರೆ ನಾವು ಇಂದ್ರಜಾತ್ರೆಗೆ ಹೋಗುತ್ತೇವೆ. ನಮ್ಮ ಅನಂತ ಚತುರ್ದಶಿಯ ದಿನವೇ ಅಲ್ಲಿ ಕುಮಾರಿಯ ರಥ ಎಳೆಯುತ್ತಾರೆ. ಶಾಕ್ಯ ಮನೆತನದ ಪುಟ್ಟ ಹುಡುಗಿಯನ್ನೇ ದೇವಿ ಎಂದು ಪೂಜಿಸುವ ಊರು ಅದು. ಈ ಸಲ ಅವಳ ಮನೆಯ ಅಂಗಳದಲ್ಲಿ ಕಾದೆವು, ಕಿಟಕಿಗೆ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಹಿಮಾಲಯ ಕಾಣುವುದು ಕಷ್ಟ. ಪರವಾಗಿಲ್ಲ ಅಂತ ಅಮ್ಮ ಈಗಲೇ ಹೇಳಿಬಿಟ್ಟಿದ್ದಾಳೆ. ರೂಮು ಮಾತ್ರ ಮತ್ತೆ ಅಸನ್ ಹತ್ತಿರವೇ ಬೇಕಂತೆ.