ಇಲ್ಲದ ತೊರೆ ಎಲ್ಲಿಂದ ಬಂತು? ನಿಸರ್ಗಚಿತ್ರದ ಸಂಕೇತ ಓದುವ ಬಗೆ

ನಿಸರ್ಗಚಿತ್ರದ ಮುಂದೆ ನಿಂತಾಗ ಆಗುವ ಮೊದಲ ತಪ್ಪು ಪಟ್ಟಿ ಹಿಡಿದು ಓದುವುದು. ಒಣಮರ ಅಂದರೆ ಸಾವು, ಹೊಳೆ ಅಂದರೆ ಕಾಲ, ಬೆಟ್ಟ ಅಂದರೆ ದೇವರು, ಕಾಲುದಾರಿ ಅಂದರೆ ಬದುಕು. ಹೀಗೆ ಓದುತ್ತಾ ಹೋದರೆ ಲೋಕದ ಎಲ್ಲ ಚಿತ್ರಗಳೂ ಒಂದೇ ಮಾತು ಹೇಳತೊಡಗುತ್ತವೆ. ಕೆಲಸಕ್ಕೆ ಬರುವ ಪ್ರಶ್ನೆ ಬೇರೆ ಇದೆ: ಆ ಜಾಗದಲ್ಲಿ ನಿಜವಾಗಿ ಏನಿತ್ತು, ಕಲಾವಿದ ಏನನ್ನು ಹೊರಗಿನಿಂದ ತಂದಿಟ್ಟ? ಕಣ್ಣೆದುರು ಇದ್ದದ್ದನ್ನು ಬರೆಯಲು ವಿಶೇಷ ಕಾರಣ ಬೇಕಿಲ್ಲ. ಇಲ್ಲದ್ದನ್ನು ತಂದಿಡಬೇಕಾದರೆ ಕಾರಣ ಇದ್ದೇ ಇರುತ್ತದೆ.

ಇದನ್ನು ಕೈಯಾರೆ ಮಾಡಿ ಕಲಿಯಲು ಡಚ್ ಕಲಾವಿದ ಯಾಕೊಬ್ ವಾನ್ ರೂಯಿಸ್ಡಾಲ್ ಬರೆದ ‘ಯಹೂದಿ ಸ್ಮಶಾನ’ಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಕಾರಣ, ಅದು ಒಂದಲ್ಲ, ಎರಡು. 1650ರ ದಶಕದ ನಡುಭಾಗದ್ದೆಂದು ಸಾಮಾನ್ಯವಾಗಿ ಹೇಳುವ ದೊಡ್ಡ ಚಿತ್ರ ಅಮೆರಿಕದ ಡೆಟ್ರಾಯಿಟ್ ಕಲಾ ಸಂಗ್ರಹಾಲಯದಲ್ಲಿದೆ. ಅದು ಸುಮಾರು 142 ಸೆಂ.ಮೀ. ಎತ್ತರ, 189 ಸೆಂ.ಮೀ. ಅಗಲ. ಇನ್ನೊಂದು ಜರ್ಮನಿಯ ಡ್ರೆಸ್ಡನ್‌ನಲ್ಲಿದೆ, 84ಕ್ಕೆ 95 ಸೆಂ.ಮೀ. ಅಳತೆಯದು. ಎರಡರ ಛಾಯಾಪ್ರತಿಗಳೂ ಅಂತರ್ಜಾಲದಲ್ಲಿ ಸಿಗುತ್ತವೆ. ದೊಡ್ಡ ಗಾತ್ರದ್ದನ್ನೇ ಇಳಿಸಿಕೊಳ್ಳಿ. ಮೊಬೈಲಿನ ಪುಟ್ಟ ಚಿತ್ರದಲ್ಲಿ ಕಲ್ಲಿನ ಮೇಲಿನ ಗೆರೆಗಳು ಸತ್ತುಹೋಗುತ್ತವೆ. ಜೊತೆಗೆ ಒಂದು ಹಾಳೆ, ಒಂದು ಪೆನ್ಸಿಲ್, ಮುಕ್ಕಾಲು ಗಂಟೆ ಬಿಡುವು ಇದ್ದರೆ ಸಾಕು.

ಮೊದಲ ಹತ್ತು ನಿಮಿಷ ಅರ್ಥದ ಗೊಡವೆಗೇ ಹೋಗಬೇಡಿ. ಹಾಳೆಯನ್ನು ಅಡ್ಡಕ್ಕೆ ನಾಲ್ಕು ಭಾಗ ಮಾಡಿ: ಮುನ್ನೆಲೆ, ನಡು, ದೂರ, ಆಕಾಶ. ಕಾಣುವುದನ್ನೆಲ್ಲ ಆಯಾ ಭಾಗದಲ್ಲಿ ಬರೆಯುತ್ತಾ ಹೋಗಿ. ನಿಯಮ ಒಂದೇ, ಭಾವದ ಮಾತು ಬರಕೂಡದು. ‘ದುಃಖದ ಮರ’ ಎಂದು ಬರೆದಿರಾದರೆ ಹೊಡೆದುಹಾಕಿ, ‘ಎಲೆಯಿಲ್ಲದ ಮರ, ತೊಗಟೆ ಬಿಳಿ, ಬಲಗಡೆ’ ಎಂದು ಬರೆಯಿರಿ. ‘ಭೀಕರ ಮೋಡ’ ಅಲ್ಲ, ‘ಕಪ್ಪು ಮೋಡ, ನಡುವೆ ಬಿರುಕು’. ಗೋರಿಗಳು, ತೊರೆ, ಮುರಿದ ಮರ, ಪಾಳುಬಿದ್ದ ಕಟ್ಟಡ, ಮೋಡ, ಮಳೆಬಿಲ್ಲು ಎನ್ನುತ್ತಾ ಈ ಚಿತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಂಗತಿ ಸುಲಭವಾಗಿ ಸಿಗುತ್ತವೆ. ಐದಾರಕ್ಕೇ ನಿಂತಿರಾದರೆ ನೀವು ಚಿತ್ರ ನೋಡುತ್ತಿಲ್ಲ, ಆಗಲೇ ಕಥೆ ಕಟ್ಟತೊಡಗಿದ್ದೀರಿ.

ಆಮೇಲೆ ಬೆಳಕು. ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ, ಕಣ್ಣು ಅರೆಮುಚ್ಚಿ ನೋಡಿ. ಬಣ್ಣದ ಮೋಹ ಕಳಚಿದಾಗ ಕಲಾವಿದ ನಮ್ಮ ಕಣ್ಣನ್ನು ಎಲ್ಲಿಗೆ ಎಳೆಯುತ್ತಿದ್ದಾನೆ ಎಂಬುದು ಉಳಿಯುತ್ತದೆ. ಇಲ್ಲಿ ಸುತ್ತ ಕತ್ತಲು ಕವಿದಿದ್ದರೂ ಗೋರಿಕಲ್ಲುಗಳ ಮೇಲೆ ಬೆಳಕು ಬಿದ್ದಿದೆ. ಪಟ್ಟಿಯಲ್ಲಿ ಅವುಗಳ ಮುಂದೆ ಒಂದು ನಕ್ಷತ್ರ ಹಾಕಿ.

ಇನ್ನು ನಿಜವಾದ ಕೆಲಸ, ಜಾಗದ ವಿಚಾರಣೆ. ಈ ಗೋರಿಗಳು ಕಲ್ಪನೆಯವಲ್ಲ. ಆಮ್‌ಸ್ಟರ್‌ಡ್ಯಾಮ್‌ಗೆ ಹತ್ತಿರದ ಔಡರ್‌ಕೆರ್ಕ್ ಎಂಬ ಊರಿನಲ್ಲಿ, ಆಮ್‌ಸ್ಟೆಲ್ ನದಿಯ ಬಳಿ, ಪೋರ್ಚುಗಲ್ ಮೂಲದ ಯಹೂದಿಗಳ ‘ಬೆತ್ ಹಾಯಿಮ್’ ಸ್ಮಶಾನವಿದೆ. ಫ್ರಾನ್ಸಿನ ರಾಣಿ ಮರಿ ದ ಮೆದಿಚಿಯ ವೈದ್ಯನಾಗಿದ್ದು 1616ರಲ್ಲಿ ತೀರಿಕೊಂಡ ಎಲಿಯಾಹು ಮೊಂಟಾಲ್ಟೊನ ಗೋರಿಯನ್ನು ಚಿತ್ರದಲ್ಲಿ ಗುರುತಿಸಿದ್ದಾರೆ. ರೂಯಿಸ್ಡಾಲ್ ಅಲ್ಲಿ ಕುಳಿತು ಬರೆದ ರೇಖಾಚಿತ್ರಗಳೂ ಉಳಿದಿವೆ, ಹಾರ್ಲೆಮ್‌ನ ಟೇಲರ್ಸ್ ಸಂಗ್ರಹಾಲಯದಲ್ಲಿ. ಅಂದರೆ ಗೋರಿಗಳನ್ನು ಆತ ಇದ್ದ ಹಾಗೇ ಎತ್ತಿಕೊಂಡಿದ್ದಾನೆ.

ಉಳಿದದ್ದರ ಕಥೆ ಬೇರೆ. ಔಡರ್‌ಕೆರ್ಕ್‌ನ ನೆಲ ಅಂಗೈಯಷ್ಟು ಸಮತಟ್ಟು. ಪಕ್ಕದಲ್ಲಿ ನದಿ ಸದ್ದಿಲ್ಲದೆ ಹರಿಯುತ್ತದೆಯೇ ಹೊರತು ಗೋರಿಗಳ ನಡುವೆ ನೊರೆಯೆಬ್ಬಿಸಿ ಧುಮುಕುವ ತೊರೆಯಿಲ್ಲ. ಯಹೂದಿ ಸ್ಮಶಾನದೊಳಗೆ ಪಾಳುಬಿದ್ದ ಚರ್ಚು ಇರುವುದಂತೂ ಸಾಧ್ಯವೇ ಇಲ್ಲ. ಡೆಟ್ರಾಯಿಟ್ ಚಿತ್ರದ ಆ ಅವಶೇಷವನ್ನು ಆತ ದೂರದ ಆಲ್ಕ್‌ಮಾರ್ ಬಳಿಯ ಎಗ್ಮಂಡ್‌ನಿಂದ ತಂದ. ಇದಕ್ಕಿಂತ ದೊಡ್ಡ ಸುಳಿವು ಇನ್ನೊಂದಿದೆ. ಆ ಸ್ಮಶಾನ ಶುರುವಾದದ್ದೇ 1614ರಲ್ಲಿ. ಚಿತ್ರ ಬರೆಯುವ ಹೊತ್ತಿಗೆ ಅದಕ್ಕೆ ಸುಮಾರು ನಲವತ್ತು ವರ್ಷ, ಕಲ್ಲುಗಳೆಲ್ಲ ಹೆಚ್ಚುಕಡಿಮೆ ಹೊಸವು. ಅಂಥ ಹೊಸ ಗೋರಿಗಳನ್ನು ಯುಗಾಂತರದ ಹಾಳುಬೀಡಿನ ನಡುವೆ ಕೂರಿಸಿದ್ದಾನೆ.

ಈಗ ಪಟ್ಟಿಗೆ ಮರಳಿ, ಪ್ರತಿ ಸಾಲಿನ ಮುಂದೆ ‘ಇತ್ತು’ ಅಥವಾ ‘ತಂದದ್ದು’ ಎಂದು ಬರೆಯಿರಿ. ಗೋರಿ: ಇತ್ತು. ತೊರೆ: ತಂದದ್ದು. ಪಾಳುಗಟ್ಟಡ: ತಂದದ್ದು. ಸಂಕೇತ ಹುಡುಕಬೇಕಾದದ್ದು ಮೊದಲು ‘ತಂದದ್ದು’ ಸಾಲುಗಳಲ್ಲಿ. ಬೇರೆ ಚಿತ್ರಗಳಿಗೆ ಇದನ್ನು ಮಾಡುವಾಗ ಹಳೆಯ ಭೂಪಟ, ಅದೇ ಜಾಗದ ಛಾಯಾಚಿತ್ರ, ಕಲಾವಿದನ ರೇಖಾಚಿತ್ರ ನೆರವಿಗೆ ಬರುತ್ತವೆ. ಯಾವುದೂ ಸಿಗದಿದ್ದರೆ ‘ತಿಳಿಯದು’ ಎಂದು ಬರೆದು ಮುಂದೆ ಹೋಗಿ. ಊಹೆಯನ್ನು ‘ತಂದದ್ದು’ ಸಾಲಿಗೆ ನುಸುಳಲು ಬಿಡಬೇಡಿ.

ಒಂದೇ ವಿಷಯದ ಎರಡು ಚಿತ್ರಗಳಿದ್ದರೆ ಅಕ್ಕಪಕ್ಕ ಇಟ್ಟು ನೋಡಿ. ಡೆಟ್ರಾಯಿಟ್ ಮತ್ತು ಡ್ರೆಸ್ಡನ್ ಎರಡರಲ್ಲೂ ಅವೇ ಗೋರಿಗಳಿವೆ, ಆದರೆ ಹಿಂದಿನ ಪಾಳುಗಟ್ಟಡ ಬೇರೆಬೇರೆ. ಡೆಟ್ರಾಯಿಟ್‌ನಲ್ಲಿ ಮಳೆಬಿಲ್ಲು ಎದ್ದು ಕಾಣುತ್ತದೆ, ಡ್ರೆಸ್ಡನ್‌ನಲ್ಲಿ ಮಂಕು. ಇದರಿಂದ ಗೊತ್ತಾಗುವುದು: ಕಲಾವಿದನಿಗೆ ಬೇಕಿದ್ದದ್ದು ಇಂಥದೇ ಒಂದು ಕಟ್ಟಡವಲ್ಲ, ಕುಸಿದ ಕಟ್ಟಡ ಅಷ್ಟೆ. ಬದಲಾಗದೆ ಉಳಿದದ್ದು ಚಿತ್ರದ ಬೆನ್ನೆಲುಬು. ಬದಲಾದದ್ದು ಅದರ ದನಿ.

ಮಳೆಬಿಲ್ಲಿನ ಹತ್ತಿರ ಬಂದಾಗ ನಾವು ಕನ್ನಡಿಗರು ಒಂದು ಎಚ್ಚರ ವಹಿಸಬೇಕು. ನಮಗೆ ಅದು ಕಾಮನಬಿಲ್ಲು. ಆ ಹೆಸರಿನಲ್ಲೇ ಕಬ್ಬಿನ ಬಿಲ್ಲು, ಹೂಬಾಣ, ಶೃಂಗಾರ ಎಲ್ಲ ಅಂಟಿಕೊಂಡು ಬರುತ್ತವೆ. ಬೈಬಲ್ ಕೇಳಿ ಬೆಳೆದ 17ನೇ ಶತಮಾನದ ಡಚ್ ನೋಡುಗನಿಗೆ ಅದು ಪ್ರಳಯದ ಬಳಿಕ ದೇವರು ನೋಹನಿಗೆ ಕೊಟ್ಟ ಮಾತಿನ ಗುರುತು, ಇನ್ನೊಮ್ಮೆ ಲೋಕವನ್ನು ಮುಳುಗಿಸುವುದಿಲ್ಲ ಎಂಬ ಮಾತು. ಆದಿಕಾಂಡದ ಆ ಕಥೆ ಕ್ರೈಸ್ತರಿಗೂ ಯಹೂದಿಗಳಿಗೂ ಸೇರಿದ್ದು ಎಂಬುದು ಈ ಚಿತ್ರದಲ್ಲಿ ಸಣ್ಣ ಸಂಗತಿಯಲ್ಲ. ನಮ್ಮ ನೆನಪಿಗೆ ಬಂದ ಅರ್ಥ ತಪ್ಪೇನಲ್ಲ, ಆದರೆ ಅದನ್ನು ಕಲಾವಿದನ ತಲೆಗೆ ಕಟ್ಟಬಾರದು. ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದಿಡಿ.

ಮಳೆಬಿಲ್ಲಿಗೆ ಇನ್ನೊಂದು ಪರೀಕ್ಷೆಯೂ ಉಂಟು. ಅದು ಮೂಡುವುದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಮಾತ್ರ. ನೋಡುವವನ ತಲೆಯ ನೆರಳು ಬೀಳುವ ದಿಕ್ಕೇ ಅದರ ನಡು, ಅಲ್ಲಿಂದ ಸುಮಾರು 42 ಡಿಗ್ರಿ ದೂರದಲ್ಲಿ ಬಿಲ್ಲು. ಹಾಗಾಗಿ ಬಿಲ್ಲಿರುವ ಚಿತ್ರದಲ್ಲಿ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬರಬೇಕು, ನೆರಳುಗಳು ಬಿಲ್ಲಿನ ನಡುವಿನತ್ತ ಚಾಚಬೇಕು. ಮರದ ನೆರಳು ಅದಕ್ಕೆ ಒಪ್ಪದೆ ಬೇರೆತ್ತಲೋ ಹೊರಳಿದ್ದರೆ, ಆ ಬಿಲ್ಲು ಆಕಾಶದಿಂದ ಬಂದದ್ದಲ್ಲ. ಇಂಗ್ಲಿಷ್ ಕಲಾವಿದ ಜಾನ್ ಕಾನ್‌ಸ್ಟೆಬಲ್ 1831ರಲ್ಲಿ ಪ್ರದರ್ಶಿಸಿದ ಸಾಲ್ಸ್‌ಬರಿ ಕೆಥೆಡ್ರಲ್ ಚಿತ್ರದ ಬಿಲ್ಲು ಸೂರ್ಯನ ಸ್ಥಾನಕ್ಕೆ ಹೊಂದುವುದಿಲ್ಲ. ಅದರ ತುದಿ ಇಳಿಯುವುದು ಗೆಳೆಯ ಜಾನ್ ಫಿಷರ್ ವಾಸವಿದ್ದ ಮನೆಯ ಮೇಲೆ. ಫಿಷರ್ ತೀರಿದ್ದು 1832ರಲ್ಲಿ. ಬಿಲ್ಲನ್ನು ಆಮೇಲೆ ಸೇರಿಸಿರಬೇಕೆಂದು ಹಲವರ ಊಹೆ.

ಇದೇ ಕಾನ್‌ಸ್ಟೆಬಲ್ ತನ್ನ ಉಪನ್ಯಾಸವೊಂದರಲ್ಲಿ ರೂಯಿಸ್ಡಾಲನ ಸ್ಮಶಾನದ ಚಿತ್ರವನ್ನು ಸೋತ ಪ್ರಯತ್ನ ಎಂದ. ಪಾಳುಗಟ್ಟಡ ಮುಪ್ಪಂತೆ, ತೊರೆ ಬದುಕಿನ ಓಟವಂತೆ, ಸರಿ, ಆದರೆ ಹೇಳದೆ ಇದು ನೋಡುವವನಿಗೆ ತಿಳಿಯುವುದು ಹೇಗೆ ಎಂಬುದು ಅವನ ತಕರಾರು. ಅವನ ತೀರ್ಪನ್ನು ನಾವು ಒಪ್ಪಬೇಕಾಗಿಲ್ಲ. ಪ್ರಶ್ನೆಯನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಉತ್ತರ ಕೊಡುವ ಸುಲಭ ದಾರಿ ಬೆರಳು. ತೊರೆಯನ್ನು ಬೆರಳಿನಿಂದ ಮುಚ್ಚಿ ಚಿತ್ರ ನೋಡಿ, ಆಮೇಲೆ ಬೆರಳು ತೆಗೆಯಿರಿ. ಮುಚ್ಚಿದಾಗ ಗೋರಿಗಳು ಹೂತು ನಿಂತ ಕಲ್ಲುಗಳು. ತೆಗೆದಾಗ ಅವುಗಳ ಬುಡದಲ್ಲಿ ಏನೋ ಓಡುತ್ತಿದೆ, ನಿಲ್ಲುತ್ತಿಲ್ಲ. ಮುಚ್ಚಿದರೂ ಚಿತ್ರದ ಮಾತು ಬದಲಾಗದಿದ್ದರೆ ಆ ವಸ್ತುವಿಗೆ ನೀವು ಕೊಟ್ಟ ಅರ್ಥ ಸಡಿಲವಾಗಿದೆ ಎಂದೇ ಲೆಕ್ಕ.

ಅತಿಯಾಗಿ ಓದುವ ಚಟಕ್ಕೆ ಮದ್ದು ಬೇಕಾದವರು ಇದೇ ಕಲಾವಿದ ಹಾರ್ಲೆಮ್ ಊರನ್ನು ದೂರದಿಂದ ಬರೆದ ಚಿತ್ರಗಳನ್ನು ನೋಡಬೇಕು. ಹೇಗ್ ನಗರದ ಮೌರಿಟ್ಸ್‌ಹೌಸ್‌ನಲ್ಲಿ ಒಂದಿದೆ. ಮುಕ್ಕಾಲು ಪಾಲಿಗೆ ಹತ್ತಿರ ಆಕಾಶ, ಕೆಳಗೆ ಹುಲ್ಲಿನ ಮೇಲೆ ಬಿಳಿ ಪಟ್ಟಿಗಳು. ಈ ಬಿಳುಪನ್ನು ಆತ್ಮದ ಶುದ್ಧಿ ಎಂದು ಓದಿದವರಿದ್ದಾರೆ. ಆದರೆ ಲಿನನ್ ಬಟ್ಟೆ ಬಿಳಿಚಿಸುವುದು ಆ ಊರಿನ ಕಸುಬು: ಕ್ಷಾರದ ನೀರಿನಲ್ಲಿ ನೆನೆಸಿ, ಮಜ್ಜಿಗೆಯಲ್ಲಿ ಅದ್ದಿ, ಬಿಸಿಲಿಗೆ ಹಾಸುತ್ತಿದ್ದರು. ಅಲ್ಲಿ ಬಟ್ಟೆ ‘ಇತ್ತು’. ಶುದ್ಧಿಯ ಅರ್ಥ ಇರಬಾರದೆಂದಲ್ಲ, ಆದರೆ ಅದಕ್ಕೆ ಬೇರೆ ಪುರಾವೆ ಬೇಕು.

ಬಣ್ಣದಿಂದ ಭಾವ ಹೇಳುವ ಮುನ್ನ ಚಿತ್ರದ ವಯಸ್ಸೂ ನೆನಪಿರಲಿ. ಆ ಕಾಲದ ಡಚ್ ಕಲಾವಿದರು ನೀಲಿಗೆ ಸ್ಮಾಲ್ಟ್ ಎಂಬ ಕೋಬಾಲ್ಟ್ ಗಾಜಿನ ಪುಡಿಯನ್ನು ಬಳಸುತ್ತಿದ್ದರು. ಎಣ್ಣೆಯಲ್ಲಿ ಕಲಸಿದ ಅದು ವರ್ಷಗಳು ಕಳೆದಂತೆ ಬೂದಿಗೆ ತಿರುಗುತ್ತದೆ. ಸಸ್ಯಮೂಲದ ಹಳದಿ ಮಾಸಿದರೆ ಹಸಿರೆಲೆ ನೀಲಿಯಾಗುತ್ತದೆ. ಮೇಲಿನ ವಾರ್ನಿಷ್ ಹಳದಿಗಟ್ಟಿದರೆ ಹಗಲೂ ಸಂಜೆಯಂತೆ ಕಾಣುತ್ತದೆ. ‘ಮಂಕಾದ ಆಕಾಶ, ಆದ್ದರಿಂದ ವಿಷಾದ’ ಎಂಬ ಓದು ಎಷ್ಟೋ ಸಲ ಬರೀ ರಸಾಯನಶಾಸ್ತ್ರ. ಶೀರ್ಷಿಕೆಯನ್ನೂ ನಂಬಿ ಕೂರಬೇಡಿ. ಆ ಕಾಲದ ಚಿತ್ರಗಳ ಹೆಸರುಗಳಲ್ಲಿ ಹೆಚ್ಚಿನವು ಆಮೇಲಿನವರು ಇಟ್ಟವು.

ಕೊನೆಗೆ ಹಾಳೆಯಲ್ಲಿ ಅರ್ಥಗಳನ್ನು ಬರೆಯುವಾಗ ಮೂರು ಗುರುತು ಸಾಕು. ಹೊರಗಿನಿಂದ ತಂದದ್ದು, ಆ ಕಾಲದ ನೋಡುಗರಿಗೂ ತಿಳಿದಿದ್ದ ಅರ್ಥ: ಎರಡು ಗೆರೆ. ಎರಡರಲ್ಲಿ ಒಂದು ಮಾತ್ರ ಸಿಕ್ಕಿದೆ: ಒಂದು ಗೆರೆ. ನಮಗೆ ಅನ್ನಿಸಿದ್ದು ಅಷ್ಟೆ: ಚುಕ್ಕಿ. ಮಳೆಬಿಲ್ಲಿಗೆ ಎರಡು ಗೆರೆ ಹಾಕಲು ಅಡ್ಡಿಯಿಲ್ಲ. ಚರ್ಚಿನ ಅವಶೇಷ ತೊಡಕಿನದು. ತಂದದ್ದೇನೋ ನಿಜ, ಆದರೆ ಎಲ್ಲ ಕಟ್ಟಡಗಳೂ ಬೀಳುತ್ತವೆ ಎನ್ನುತ್ತಿದೆಯೋ, ಕುಸಿದ ಚರ್ಚಿನ ಮುಂದೆ ಯಹೂದಿಗಳ ಗೋರಿಗಳು ಬೆಳಕಿನಲ್ಲಿ ಉಳಿದು ನಿಂತಿರುವುದೇ ಮಾತೋ? ಸದ್ಯಕ್ಕೆ ಅದಕ್ಕೆ ಒಂದೇ ಗೆರೆ ಹಾಕಿ, ಎರಡೂ ಓದನ್ನು ಹಾಳೆಯಲ್ಲಿ ಉಳಿಸಿಕೊಳ್ಳಿ.