ವಯಸ್ಸಾದ ನಾಯಿಗೆ ಹೊಟ್ಟೆ ಎಮರ್ಜೆನ್ಸಿ ಆದ್ರೆ ಎಕ್ಸ್‌ರೇನಾ ಸ್ಕ್ಯಾನಾ?

ಚಿಕ್ಕಬಳ್ಳಾಪುರದ ನಮ್ಮನೇಲಿ 11 ವರ್ಷದ ಲ್ಯಾಬ್ರಡಾರ್ ಒಂದು ಸಂಜೆ ಮುದ್ದೆ ಹಾಕಿದ್ರೂ ಮೂಸ್ಲಿಲ್ಲ, ಮೂಲೇಲಿ ಮಲಗೇ ಬಿಟ್ಟ, ತುಟಿ ಎತ್ತಿ ನೋಡಿದ್ರೆ ವಸಡು ಸುಣ್ಣದ ಥರ ಬಿಳಿ. ಹೀಗಿದ್ರೆ ಬೆಳಗ್ಗೆ ನೋಡೋಣ ಅಂತ ಕೂರ್ಬೇಡಿ, ಒಳಗೆ ರಕ್ತ ಸೋರ್ತಿರಬಹುದು. ವಯಸ್ಸಾದ ನಾಯಿಗಳಲ್ಲಿ ಸ್ಪ್ಲೀನ್ (ಹೊಟ್ಟೆ ಒಳಗಿನ ಗುಲ್ಮ ಅನ್ನೋ ಅಂಗ) ಗಡ್ಡೆ ಒಡೆಯೋದು ಅಪರೂಪ ಅಲ್ಲ.

ಇದಕ್ಕೆ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನ್ ಬೇಕು. ಹೊಟ್ಟೆ ಮೇಲೆ ನಾಲ್ಕು ಕಡೆ ಪ್ರೋಬ್ ಇಟ್ಟು ನೋಡ್ತಾರೆ, ಎದೆಗೂಡಿನ ಕೆಳಗೆ, ಎರಡು ಪಕ್ಕೆ, ಮೂತ್ರಕೋಶದ ಹತ್ರ, ಐದೇ ನಿಮಿಷದ ಕೆಲಸ, ದ್ರವ ಇದ್ರೆ ಸ್ಕ್ರೀನ್ ಮೇಲೆ ಕಪ್ಪಗೆ ಕಾಣುತ್ತೆ. ಅದು ರಕ್ತಾನಾ ಅಂತ ಸೂಜಿ ಹಾಕಿ ತೆಗೆದು ನೋಡ್ಬೇಕು. ಎಕ್ಸ್‌ರೇಲಿ ದ್ರವ ತುಂಬಿದ ಹೊಟ್ಟೆ ಮಂಜು ಕವಿದ ಹಾಗಿರುತ್ತೆ, ಅಂಗಗಳ ಗೆರೆ ಕಾಣಲ್ಲ.

ಆದ್ರೆ ಹೊಟ್ಟೆ ಡೋಲಿನ ಥರ ಉಬ್ಬಿ, ವಾಂತಿ ಮಾಡೋಕೆ ಒದ್ದಾಡ್ತಾ ಬರೀ ನೊರೆ ಬರ್ತಿದ್ರೆ ಜಠರ ತಿರುಚಿಕೊಂಡಿರಬಹುದು. ಆಗ ಎಕ್ಸ್‌ರೇನೇ ಸರಿ, ಗಾಳಿ ತುಂಬಿದ್ರೆ ಸ್ಕ್ಯಾನಲ್ಲಿ ಸರಿಯಾಗಿ ಗೊತ್ತಾಗಲ್ಲ. ಬಲಗಡೆ ಮಲಗಿಸಿ ತೆಗೀರಿ ಅಂತ ಕೇಳಿ, ಗಾಳಿ ಎರಡು ಚೀಲದ ಹಾಗೆ ಬೇರೆ ಬೇರೆ ಕಂಡ್ರೆ ಆಪರೇಷನ್‌ಗೆ ತಡ ಮಾಡ್ಬಾರ್ದು.

ಹೊರಡೋ ಮುಂಚೆ ಫೋನ್ ಮಾಡಿ ಸ್ಕ್ಯಾನ್ ಮಷಿನ್, ಮಾಡೋರು ಇಬ್ರೂ ಇದ್ದಾರಾ ಕೇಳಿ, ಇಲ್ಲಾಂದ್ರೆ ನೇರ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ವಿಚಾರಿಸಿ. ಊಟ ಕೊಡ್ಬೇಡಿ, ನಮ್ಮ ನೋವಿನ ಮಾತ್ರೆ ಅಂತೂ ಬೇಡವೇ ಬೇಡ, ಹೊಟ್ಟೆ ಒತ್ತಿ ನೋಡ್ಬೇಡಿ. ಗಡ್ಡೆ ಕಂಡ ತಕ್ಷಣ ಕ್ಯಾನ್ಸರ್ ಅಂತ ಕೈ ಬಿಡ್ಬೇಡಿ ದಯವಿಟ್ಟು, ಸ್ಕ್ಯಾನ್ ನೋಡಿ ಅದನ್ನ ಹೇಳೋಕಾಗಲ್ಲ, ಬಯಾಪ್ಸಿನೇ (ಗಡ್ಡೆ ಚೂರು ತೆಗೆದು ಲ್ಯಾಬಲ್ಲಿ ನೋಡೋದು) ಆಗ್ಬೇಕು. ಆಪರೇಷನ್‌ಗೆ ಮುಂಚೆ ಎದೆ ಎಕ್ಸ್‌ರೇನೂ ತೆಗೆಸಿ, ಶ್ವಾಸಕೋಶಕ್ಕೆ ಹರಡಿದ್ಯಾ ನೋಡೋಕೆ.